ದಾಲ್ ಮಿಲ್ಲಿನ ಅನುಭವವೋ, ಎಂಬಿಎ ಪದವಿಯೋ: ಕಲಬುರಗಿಯ ಒಂದು ಆಪ್ತಸಲಹೆ ಪ್ರಕರಣ

ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಹತ್ತಬಹುದಾದ ವಯಸ್ಸು, ಊರು ಮತ್ತು ಹಣದ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ. ಸಲಹೆ ಕೇಳಲು ಬಂದವರು ಆಳಂದ ತಾಲ್ಲೂಕಿನ ಒಬ್ಬ ರೈತ ಮತ್ತು ಅವರ ಇಪ್ಪತ್ತಾರು ವರ್ಷದ ಮಗ. ಮಗ ಕಲಬುರಗಿಯಲ್ಲಿಯೇ ಬಿ.ಕಾಂ. ಮುಗಿಸಿ, ಕಪನೂರ ಕೈಗಾರಿಕಾ ಪ್ರದೇಶದ ಒಂದು ದಾಲ್ ಮಿಲ್ಲಿನಲ್ಲಿ ತೂಕದ ಚೀಟಿ ಬರೆಯುವ ಕೆಲಸಕ್ಕೆ ಸೇರಿ, ಐದು ವರ್ಷಗಳಲ್ಲಿ ದಾಸ್ತಾನು ಮತ್ತು ಲೆಕ್ಕಪತ್ರಗಳ ಮೇಲ್ವಿಚಾರಕನಾಗಿದ್ದ. ತಿಂಗಳಿಗೆ 24,000 ರೂಪಾಯಿ ಪಗಾರವಿತ್ತು. ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಎಂಬಿಎ ಸೀಟು ಕೊಡಿಸುವುದಾಗಿ ಏಜೆಂಟನೊಬ್ಬ ಹೇಳಿದ್ದ. ಶುಲ್ಕ, ಹಾಸ್ಟೆಲ್ ಮತ್ತು ಊಟ ಸೇರಿ ಎರಡು ವರ್ಷಕ್ಕೆ ಸುಮಾರು ಒಂಬತ್ತು ಲಕ್ಷ ರೂಪಾಯಿ. ತಂದೆ ಆರು ಎಕರೆ ಒಣಭೂಮಿಯಲ್ಲಿ ಎರಡು ಎಕರೆ ಮಾರಲು ಗಿರಾಕಿಯನ್ನೂ ನೋಡಿಟ್ಟಿದ್ದರು. ಮುಂಗಡ ಕಟ್ಟಲು ಏಜೆಂಟ್ ಕೊಟ್ಟ ಗಡುವು ಹತ್ತಿರದಲ್ಲಿತ್ತು. ನಮ್ಮ ಭಾಗದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಂತಹ ಗಡುವುಗಳಿಗೆ ಬರವಿಲ್ಲ, ಮತ್ತು ಆ ಗಡುವು ದಾಟಿದ ಮೇಲೂ ಸೀಟು ಹಾಗೆಯೇ ಉಳಿದಿರುವುದನ್ನು ಅನೇಕ ಸಲ ಕಂಡಿದ್ದೇನೆ.

ತಂದೆಯ ನಿಲುವು ಸ್ಪಷ್ಟವಾಗಿತ್ತು. "ನಮ್ಮ ಮನ್ಯಾಗ ಯಾರೂ ಇಷ್ಟು ಓದಿಲ್ರಿ. ಎರಡು ಎಕರೆ ಹೋದ್ರ ಹೋಗ್ಲಿ, ಇವ ಮಂದಿ ಕೈಯಾಗ ದುಡಿಯೋದು ತಪ್ಪಲಿ" ಎಂದರು. ಮಿಲ್ಲಿನ ಮಾಲೀಕರ ಮಾತು ಇದಕ್ಕೆ ತದ್ವಿರುದ್ಧವಾಗಿತ್ತು. "ಗಂಜಿನಾಗ ಕಲಿಯೋದು ಬಿಟ್ಟು ಬೆಂಗಳೂರಿನಾಗ ಏನ್ ಕಲೀತಿ, ತಮ್ಮಾ? ಪಗಾರ ಹೆಚ್ಚು ಬೇಕಾದ್ರ ಹೇಳು" ಎಂದು ಅವರು ಹುಡುಗನಿಗೆ ಹೇಳಿದ್ದರಂತೆ. ಗಂಜ್ ಎಂದರೆ ನಮ್ಮ ಕಡೆ ಧಾನ್ಯದ ಮಾರುಕಟ್ಟೆ. ಹುಡುಗ ಮಾತ್ರ ತಂದೆಯ ಎದುರಿಗೆ ಹೆಚ್ಚೇನೂ ಮಾತನಾಡಲಿಲ್ಲ. ಓದಬೇಕು ಎಂಬುದನ್ನು ಬಿಟ್ಟರೆ, ಯಾವುದಕ್ಕಾಗಿ ಓದಬೇಕು ಎಂಬ ಪ್ರಶ್ನೆಗೆ ಅವನ ಬಳಿ ಉತ್ತರವಿರಲಿಲ್ಲ.

ಒಬ್ಬನೇ ಬಂದಾಗ ವಿಷಯ ಹೊರಬಂತು. ಬೇಳೆಯನ್ನು ಸಣ್ಣ ಪೊಟ್ಟಣಗಳಲ್ಲಿ ತಮ್ಮದೇ ಹೆಸರಿನಿಂದ ಮಾರಬೇಕೆಂದು ಮಾಲೀಕರು ಹಿಂದಿನ ವರ್ಷ ಎಂಬಿಎ ಓದಿದ ಒಬ್ಬನನ್ನು ನೇಮಿಸಿಕೊಂಡಿದ್ದರು. ಅವನ ಸಂಬಳ ನಮ್ಮ ಸಲಹಾರ್ಥಿಯ ಸಂಬಳದ ಹೆಚ್ಚುಕಡಿಮೆ ಎರಡು ಪಟ್ಟು. ಫಟ್ಕಾ ಎಂಬ ದರ್ಜೆಯ ಬೇಳೆ ಯಾವುದು, ನುಚ್ಚು ಎಷ್ಟಿದ್ದರೆ ಗಿರಾಕಿ ಮಾಲು ಹಿಂದಿರುಗಿಸುತ್ತಾನೆ ಎಂಬುದನ್ನೆಲ್ಲ ಅವನಿಗೆ ಹೇಳಿಕೊಟ್ಟವನು ಇವನೇ. ಇದರ ಮೇಲೆ, ಸಂಬಂಧ ನೋಡಲು ಹೋದ ಮನೆಯಲ್ಲಿ ಹೆಣ್ಣಿನ ಕಡೆಯವರು "ಹುಡುಗ ಏನ್ ಓದ್ಯಾನ್ರಿ?" ಎಂದು ಕೇಳಿ, ಉತ್ತರ ಕೇಳಿ ಸುಮ್ಮನಾಗಿದ್ದರು. ಎಂಬಿಎ ಎಂಬ ವಿಚಾರ ಹುಟ್ಟಿದ್ದು ಈ ಎರಡು ಪ್ರಸಂಗಗಳ ನಡುವಿನ ಕೆಲವೇ ವಾರಗಳಲ್ಲಿ. ಅವಮಾನವೂ ಓದಿಗೆ ಒಂದು ಕಾರಣವಾಗಬಹುದು, ಅದನ್ನು ನಾನು ಕೀಳಾಗಿ ಕಾಣುವುದಿಲ್ಲ; ಆದರೆ ಅವಮಾನ ತಾನು ಹುಡುಕುವ ಪದವಿಯ ಗುಣಮಟ್ಟವನ್ನು ವಿಚಾರಿಸುವುದಿಲ್ಲ, ಯಾವುದು ಬೇಗ ಸಿಗುತ್ತದೆಯೋ ಅದನ್ನೇ ಹಿಡಿದುಕೊಳ್ಳುತ್ತದೆ.

ಪದವಿ ಮೇಲೋ ಅನುಭವ ಮೇಲೋ ಎಂಬ ಚರ್ಚೆಯನ್ನು ಅಲ್ಲಿಗೇ ನಿಲ್ಲಿಸಿ, ಅವನಿಗೆ ಒಂದು ಬರವಣಿಗೆಯ ಕೆಲಸ ಕೊಟ್ಟೆ. ಹಿಂದಿನ ಎರಡು ಹಂಗಾಮುಗಳಲ್ಲಿ ಮಿಲ್ಲಿನ ಲಾಭನಷ್ಟವನ್ನು ನಿಜವಾಗಿ ತಿರುಗಿಸಿದ ನಿರ್ಧಾರಗಳು ಯಾವುವು, ಅವನ್ನು ತೆಗೆದುಕೊಂಡವರು ಯಾರು, ಯಾವ ಆಧಾರದ ಮೇಲೆ ಎಂದು ಬರೆದು ತರಬೇಕಿತ್ತು. ಅವನು ತಂದ ಹಾಳೆಗಳು ಪ್ರಾಮಾಣಿಕವಾಗಿದ್ದವು. ತೊಗರಿಯನ್ನು ಹಲ್ಲಿನಲ್ಲಿ ಕಡಿದು ತೇವಾಂಶ ಅಂದಾಜು ಮಾಡುವುದು, ಎಣ್ಣೆ ಸವರಿ ನೀರುಣಿಸಿದ ಕಾಳನ್ನು ಎಷ್ಟು ಹೊತ್ತು ಒಣಗಿಸಬೇಕೆಂದು ಹವಾಮಾನ ನೋಡಿ ಹೇಳುವುದು, ಹಮಾಲರ ಜಗಳ ಬಿಡಿಸುವುದು ಇವೆಲ್ಲ ಅವನ ನಿರ್ಧಾರಗಳಾಗಿದ್ದವು. ಸಾಮಾನ್ಯವಾಗಿ ನೂರು ಕಿಲೋ ತೊಗರಿಗೆ 70ರಿಂದ 75 ಕಿಲೋ ಬೇಳೆ ಇಳಿಯುವ ಈ ಉದ್ಯಮದಲ್ಲಿ ಒಂದೊಂದು ಕಿಲೋ ಏರಿಳಿತಕ್ಕೂ ಬೆಲೆಯಿದೆ, ಮತ್ತು ಆ ಕಿಲೋವನ್ನು ಉಳಿಸುವ ಕೌಶಲ ಅವನಲ್ಲಿತ್ತು. ಆದರೆ ಯಾವ ತಿಂಗಳು ಎಷ್ಟು ಖರೀದಿಸಬೇಕು, ಎಷ್ಟು ಹಿಡಿದಿಡಬೇಕು, ಯಾವ ಊರಿನ ವ್ಯಾಪಾರಿಗೆ ಎಷ್ಟು ಉದ್ರಿ (ಸಾಲದ ಮೇಲೆ ಮಾಲು) ಕೊಡಬೇಕು ಎಂಬ ಸಾಲುಗಳ ಎದುರು ಅವನು ಬರೆದದ್ದು ಒಂದೇ ಮಾತು: ಸಾವ್ಕಾರ್ರು.

ಅದರಲ್ಲೂ ಒಂದು ನಮೂದನ್ನು ನಾವು ವಿವರವಾಗಿ ಚರ್ಚಿಸಿದೆವು. 2022-23ರ ಹಂಗಾಮಿನಲ್ಲಿ ಕಲಬುರಗಿ ಜಿಲ್ಲೆಯ ತೊಗರಿಗೆ ಗಿಡ ಒಣಗಿಸುವ ನೆಟೆರೋಗ ಬಡಿದು ಇಳುವರಿ ಕುಸಿದಿತ್ತು. 2023ರ ಜೂನ್‌ನಲ್ಲಿ ಕೇಂದ್ರ ಸರಕಾರ ತೊಗರಿ ಮತ್ತು ಉದ್ದಿನ ದಾಸ್ತಾನಿಗೆ ಮಿತಿ ಹೇರಿತು. 2024ರ ಜೂನ್‌ನಲ್ಲಿ ತೊಗರಿ ಮತ್ತು ಕಡಲೆಗೆ ಮತ್ತೆ ಮಿತಿ ಬಂತು. ಆಗ ಕ್ವಿಂಟಲ್‌ಗೆ ಹತ್ತು ಸಾವಿರ ದಾಟಿದ್ದ ತೊಗರಿ, 2025ರ ಆರಂಭದ ಹೊತ್ತಿಗೆ 7,550 ರೂಪಾಯಿಯ ಬೆಂಬಲ ಬೆಲೆಯ ಆಸುಪಾಸಿಗೆ ಇಳಿಯಿತು. ಈ ಇಳಿತಕ್ಕೆ ಮೊದಲೇ ಮಾಲೀಕರು ಹಳೆಯ ದಾಸ್ತಾನಿನ ಬಹುಭಾಗವನ್ನು ಬೇಳೆ ಮಾಡಿ ಮಾರಿ ಮುಗಿಸಿದ್ದರು. ಸಲಹಾರ್ಥಿ ಇದಕ್ಕೆ ಆಧಾರವೆಂದು "ಅವರ ನಸೀಬು" ಎಂದು ಬರೆದಿದ್ದ. ನಾನು ಅವನನ್ನು ಮಾಲೀಕರ ಬಳಿಯೇ ಕಳಿಸಿ ಕೇಳಿಸಿದೆ. ಅವರು ಹೇಳಿದ್ದು ಇಷ್ಟು: ತೊಗರಿ ಸುಂಕವಿಲ್ಲದೆ ಹೊರಗಿನಿಂದ ಬರುತ್ತಲೇ ಇದೆ, ಮೊಜಾಂಬಿಕ್‌ನ ಮಾಲು ದೀಪಾವಳಿಯ ಹೊತ್ತಿಗೆ ಮುಂಬಯಿಗೆ ಇಳಿಯುತ್ತದೆ, ನಮ್ಮಲ್ಲಿ ಈ ಸಲ ಬೆಳೆ ಚೆನ್ನಾಗಿ ನಿಂತಿದೆ, ಬ್ಯಾಂಕಿನ ಬಡ್ಡಿಯಂತೂ ದಿನವೂ ಓಡುತ್ತದೆ, ಇಷ್ಟಿದ್ದ ಮೇಲೆ ಚೀಲಗಳನ್ನು ಯಾಕೆ ಕಾಯಬೇಕು?

ಐದು ವರ್ಷ ಆ ಚೀಲಗಳ ಲೆಕ್ಕವನ್ನು ಇವನೇ ಬರೆದಿದ್ದ. ಆದರೂ ಆ ತರ್ಕ ಅವನ ಕಿವಿಗೆ ಬಿದ್ದಿರಲಿಲ್ಲ, ಏಕೆಂದರೆ ಯಾರೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ. ಕೆಲಸದ ಸ್ಥಳದಲ್ಲಿ ಇದ್ದ ಮಾತ್ರಕ್ಕೆ ಅಲ್ಲಿ ನಡೆಯುವ ಎಲ್ಲದರ ಅನುಭವ ನಮ್ಮದಾಗುವುದಿಲ್ಲ. ತಪ್ಪಿದರೆ ಹೊಣೆ ನಮ್ಮ ಮೇಲೆಯೇ ಬರುವಂತಹ ನಿರ್ಧಾರಗಳಿಂದ ಮಾತ್ರ ಅದು ಬರುತ್ತದೆ ಎಂಬುದು ನನ್ನ ಅಭಿಪ್ರಾಯ, ಮತ್ತು ಈ ಪ್ರಕರಣದಲ್ಲಿ ಸಲಹೆಯೆಲ್ಲ ನಿಂತದ್ದು ಇದರ ಮೇಲೆಯೇ. ದಾಸ್ತಾನನ್ನು ಹಿಡಿದಿಡುವ ವೆಚ್ಚ, ದುಡಿಯುವ ಬಂಡವಾಳದ ಚಕ್ರ, ಬೆಲೆಯ ಅಪಾಯ ಇವೆಲ್ಲ ಎಂಬಿಎ ಪಠ್ಯಕ್ರಮದ ಮೊದಲ ವರ್ಷದ ವಿಷಯಗಳೇ ಆಗಿವೆ. ಅವನ್ನು ಓದಿದ್ದರೆ ಮಾಲೀಕರಿಗೆ ಯಾವ ಪ್ರಶ್ನೆ ಕೇಳಬೇಕೆಂಬುದು ಅವನಿಗೆ ತಿಳಿದಿರುತ್ತಿತ್ತು. ಮೊಜಾಂಬಿಕ್‌ನ ಹಡಗಿನ ಸುದ್ದಿಗೆ ಗಂಜಿನಲ್ಲಿ ಎಷ್ಟು ಬೆಲೆ ಕೊಡಬೇಕೆಂಬುದನ್ನು ಮಾತ್ರ ಯಾವ ತರಗತಿಯೂ ಅವನಿಗೆ ಕಲಿಸುತ್ತಿರಲಿಲ್ಲ.

ಓದು ಮೊದಲೋ ಅನುಭವ ಮೊದಲೋ ಎಂಬ ಪ್ರಶ್ನೆಯ ಬಗ್ಗೆ ನಿರ್ವಹಣಾ ಶಿಕ್ಷಣದ ಒಳಗೇ ಒಮ್ಮತವಿಲ್ಲ ಎಂಬುದನ್ನು ತಂದೆಗೆ ವಿವರಿಸಬೇಕಾಯಿತು. ಎಂಬಿಎ ಪದವಿಯನ್ನು 1908ರಲ್ಲಿ ಆರಂಭಿಸಿದ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ, ನೈಜ ಉದ್ಯಮಗಳ ಪ್ರಕರಣಗಳನ್ನು ತರಗತಿಗೆ ತಂದು ಚರ್ಚಿಸುವ ಕ್ರಮವನ್ನು ಬೆಳೆಸಿತು. ಅಲ್ಲಿಯ ಹೆಸರಾಂತ ಸಂಸ್ಥೆಗಳು ಸಾಮಾನ್ಯವಾಗಿ ಕೆಲವು ವರ್ಷ ದುಡಿದವರನ್ನೇ ಸೇರಿಸಿಕೊಳ್ಳುತ್ತವೆ. 1961ರಲ್ಲಿ ಕಲ್ಕತ್ತಾ ಮತ್ತು ಅಹಮದಾಬಾದ್‌ನಲ್ಲಿ ಐಐಎಂಗಳು ಆರಂಭವಾದ ನಮ್ಮ ದೇಶದಲ್ಲಿ, ಪದವಿ ಮುಗಿಸಿ ನೇರವಾಗಿ ಬಂದವರೂ ಎರಡು ವರ್ಷದ ಕೋರ್ಸಿಗೆ ಸೇರುತ್ತಾರೆ. ಅನುಭವಿಗಳಿಗೆಂದು ಒಂದು ವರ್ಷದ ಬೇರೆ ಕೋರ್ಸುಗಳಿವೆ. ಪಠ್ಯಕ್ರಮ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ಜೊತೆಗೆ ಓದುವವರಲ್ಲಿ ಮತ್ತು ಕೋರ್ಸು ಮುಗಿದ ಮೇಲೆ ತೆರೆಯುವ ಬಾಗಿಲುಗಳಲ್ಲಿ. ಏಜೆಂಟ್ ತಂದ ಕೈಪಿಡಿಯಲ್ಲಿ ಆ ಕಾಲೇಜಿನ ಗರಿಷ್ಠ ಪ್ಯಾಕೇಜ್ ಮಾತ್ರ ದಪ್ಪ ಅಕ್ಷರದಲ್ಲಿತ್ತು. ನಡುವಿನ ವಿದ್ಯಾರ್ಥಿಗೆ ಸಿಕ್ಕಿದ್ದು ಎಷ್ಟು ಎಂಬುದು ಎಲ್ಲಿಯೂ ಇರಲಿಲ್ಲ.

ಹಣದ ಲೆಕ್ಕವನ್ನು ಕಾಗದದ ಮೇಲೆ ಹಾಕಿದೆವು. ಶುಲ್ಕ ಮತ್ತು ಊಟ-ವಸತಿಯ ಒಂಬತ್ತು ಲಕ್ಷವನ್ನು ಮಾತ್ರ ತಂದೆ ಎಣಿಸಿದ್ದರು. ಎರಡು ವರ್ಷದಲ್ಲಿ ಕೈಬಿಡುವ ಪಗಾರ 5,76,000 ರೂಪಾಯಿ ಸೇರಿಸಿದರೆ ಮೊತ್ತ 14,76,000ಕ್ಕೆ ಮುಟ್ಟುತ್ತದೆ. ಹೊಲ ಮಾರುವ ಬದಲು ಶಿಕ್ಷಣ ಸಾಲ ತೆಗೆದರೆ, ನಾಲ್ಕು ಲಕ್ಷದವರೆಗೆ ಜಾಮೀನು ಆಸ್ತಿ ಬೇಕಿಲ್ಲ. ಏಳೂವರೆ ಲಕ್ಷದವರೆಗೆ ಸರಕಾರದ ಸಾಲ ಖಾತರಿ ಯೋಜನೆಯಿದೆ. ಕೋರ್ಸು ಮುಗಿದು ಒಂದು ವರ್ಷದವರೆಗೆ ಕಂತು ಇರುವುದಿಲ್ಲ, ಬಡ್ಡಿ ಮಾತ್ರ ಬೆಳೆಯುತ್ತಿರುತ್ತದೆ. ಒಂಬತ್ತು ಲಕ್ಷವನ್ನೂ ಸಾಲವಾಗಿ ತೆಗೆದು, ಶೇಕಡ 10.5ರ ಬಡ್ಡಿ ಮತ್ತು ಹತ್ತು ವರ್ಷದ ಮರುಪಾವತಿ ಎಂದು ಹಿಡಿದರೆ, ಅಲ್ಲಿಯವರೆಗೆ ಬೆಳೆದ ಬಡ್ಡಿಯೂ ಸೇರಿ ತಿಂಗಳ ಕಂತು 15,000 ರೂಪಾಯಿ ದಾಟುತ್ತದೆ. ಬೆಂಗಳೂರಿನ ಬಾಡಿಗೆ ಕೊಟ್ಟು ಈ ಕಂತನ್ನೂ ಕಟ್ಟಲು ಎಷ್ಟು ಸಂಬಳ ಬೇಕು ಎಂದು ಹುಡುಗ ತಾನೇ ಕೂಡಿಸಿ ನೋಡಿದ.

ನಾನು ಬರೆದುಕೊಟ್ಟ ಸಲಹೆ ಹೀಗಿತ್ತು. ಈ ಸೀಟಿಗೆ ಮುಂಗಡ ಕಟ್ಟಬಾರದು, ಹೊಲ ಮಾರಬಾರದು. ಆದರೆ ಎಂಬಿಎ ಓದುವ ಆಸೆಯನ್ನು ಬಿಡಬೇಕಾಗಿಲ್ಲ. ಮಿಲ್ಲಿನಲ್ಲಿಯೇ ಉಳಿದು ಮುಂದೆ ಸ್ವಂತ ವ್ಯಾಪಾರ ಮಾಡುವುದಾದರೆ ಪದವಿ ಅನಿವಾರ್ಯವಲ್ಲ, ಲೆಕ್ಕದ ತಿಳಿವಳಿಕೆ ಅನಿವಾರ್ಯ. ಬ್ಯಾಂಕು ಅಥವಾ ದೊಡ್ಡ ಆಹಾರ ಕಂಪನಿಗಳ ವ್ಯವಸ್ಥಾಪಕ ಹುದ್ದೆಗೆ ಹೋಗುವುದಾದರೆ, ಅರ್ಜಿ ಮೊದಲ ಜರಡಿಯಲ್ಲಿಯೇ ಬಿದ್ದುಹೋಗದಿರಲು ಪದವಿ ಬೇಕಾಗಬಹುದು, ಅಲ್ಲಿ ಐದು ವರ್ಷದ ಕೌಶಲವನ್ನು ಯಾರೂ ಕೇಳುವ ಹಂತಕ್ಕೇ ಬರುವುದಿಲ್ಲ. ಇವೆರಡರಲ್ಲಿ ಯಾವುದೆಂದು ನಿರ್ಧರಿಸಲು ಅವನಿಗೆ ಒಂದು ಹಂಗಾಮಿನ ಸಮಯವಿತ್ತು, ಏಕೆಂದರೆ ಆ ವರ್ಷದ ಪಿಜಿಸಿಇಟಿ, ಅಂದರೆ ರಾಜ್ಯದ ಸ್ನಾತಕೋತ್ತರ ಪ್ರವೇಶ ಪರೀಕ್ಷೆ, ಮುಗಿದಿತ್ತು. ಮುಂದಿನ ಪರೀಕ್ಷೆಗೆ ಸಿದ್ಧನಾಗಬೇಕು. ಉಪವಿಭಾಗಾಧಿಕಾರಿಗಳ ಕಚೇರಿಯಿಂದ, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371 (ಜೆ) ವಿಧಿಯ ಅರ್ಹತಾ ಪ್ರಮಾಣಪತ್ರವನ್ನು ಈಗಲೇ ಪಡೆದಿಟ್ಟುಕೊಳ್ಳಬೇಕು. ಕಲ್ಯಾಣ ಕರ್ನಾಟಕದ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇಕಡ 70, ರಾಜ್ಯದ ಉಳಿದೆಡೆ ಶೇಕಡ 8 ಸೀಟುಗಳು ಈ ವಿಧಿಯಡಿ ಮೀಸಲಿರುವಾಗ, ಏಜೆಂಟನ ದಾರಿಯನ್ನು ಮೊದಲು ತುಳಿಯಲು ಕಾರಣವಿಲ್ಲ. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಎಂಬಿಎ ಇದೆ. ಆಳಂದ ತಾಲ್ಲೂಕಿನದೇ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿಯೂ ಇದೆ, ಅದಕ್ಕೆ ಸಿಯುಇಟಿ ಎಂಬ ಬೇರೆ ಪರೀಕ್ಷೆ. ತಮ್ಮ ತಾಲ್ಲೂಕಿನಲ್ಲಿಯೇ ಈ ಓದು ಸಿಗುತ್ತದೆ ಎಂಬುದು ತಂದೆಗೆ ಹೊಸ ಸುದ್ದಿಯಾಗಿತ್ತು.

ಆ ನಡುವಿನ ಹಂಗಾಮಿಗೂ ಒಂದು ಷರತ್ತು ಹಾಕಿದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಆವಕ ಜೋರಾಗಿರುವಾಗ ವಾರಕ್ಕೆ ಕೆಲವು ದಿನ ಮಾಲೀಕರ ಜೊತೆ ಗಂಜಿನ ಹರಾಜಿಗೆ ಹೋಗಬೇಕು, ಪ್ರತಿ ಖರೀದಿಯ ಮೊದಲು ತನ್ನ ಅಂದಾಜನ್ನು ವಹಿಯಲ್ಲಿ ಬರೆದು, ಮಾಲೀಕರ ನಿರ್ಧಾರದ ಜೊತೆ ಹೋಲಿಸಬೇಕು, ಮತ್ತು ಒಂದು ಸಣ್ಣ ಮೊತ್ತದ ಉದ್ರಿ ಖಾತೆಗಳ ಹೊಣೆಯನ್ನು ತನಗೆ ಕೊಡುವಂತೆ ಕೇಳಬೇಕು. ಪಗಾರ ಹೆಚ್ಚಿಸುತ್ತೇನೆ ಎಂದ ಮಾಲೀಕರಿಂದ ಹಣಕ್ಕಿಂತ ಮೊದಲು ಇದನ್ನು ಕೇಳುವುದು ಒಳ್ಳೆಯದೆಂದು ತಿಳಿಸಿದೆ. ಹೊಸದಾಗಿ ಬಂದ ಎಂಬಿಎ ಸಹೋದ್ಯೋಗಿಯ ಬಗ್ಗೆ ಅವನಲ್ಲಿದ್ದ ಕಹಿಗೆ ನಾನು ಔಷಧ ಕೊಡಲಿಲ್ಲ. ಅವನ ಪುಸ್ತಕಗಳನ್ನು ಎರವಲು ಕೇಳು ಎಂದಷ್ಟೇ ಹೇಳಿದೆ.

ತಂದೆ ಪೂರ್ತಿ ಒಪ್ಪಲಿಲ್ಲ. ಒಂದು ವರ್ಷ ಹೋದರೆ ಹುಡುಗನ ಮನಸ್ಸು ಓದಿನಿಂದ ಹಿಂದೆ ಸರಿಯುತ್ತದೆ ಎಂಬ ಅವರ ಆತಂಕ ಸುಳ್ಳಲ್ಲ, ದುಡಿಮೆಯ ರುಚಿ ಹತ್ತಿದವರಲ್ಲಿ ಅದು ಆಗುವುದುಂಟು. ಹೊಲದ ಗಿರಾಕಿಗೆ ಅವರು "ಸದ್ಯಕ್ಕ ತಡೀರಿ" ಎಂದಿದ್ದಾರೆಯೇ ಹೊರತು ಬೇಡವೆಂದಿಲ್ಲ. ಮಾಲೀಕರು ಉದ್ರಿ ಖಾತೆಗಳನ್ನು ಕೊಡಲಿಲ್ಲ, ಹರಾಜಿಗೆ ಕರೆದುಕೊಂಡು ಹೋಗಲು ಒಪ್ಪಿದರು. ಹುಡುಗನ ವಹಿಯಲ್ಲಿ ಮೊದಲ ತಿಂಗಳ ಅಂದಾಜುಗಳು ಬಹುಪಾಲು ತಪ್ಪಿದ್ದವು. ಎರಡನೆಯ ತಿಂಗಳಿನಿಂದ ಅವನು ತಪ್ಪಿದ ಕಾರಣವನ್ನೂ ಪಕ್ಕದಲ್ಲಿ ಬರೆಯತೊಡಗಿದ್ದಾನೆ. ಮುಂದಿನ ಭೇಟಿಯನ್ನು ಪಿಜಿಸಿಇಟಿ ಸೀಟು ಹಂಚಿಕೆಯ ನಂತರಕ್ಕೆ ಇಟ್ಟುಕೊಂಡಿದ್ದೇವೆ. ಕಲಬುರಗಿಯಲ್ಲಿಯೇ ಸೀಟು ಸಿಕ್ಕರೆ, ಓದಿನ ಎರಡು ವರ್ಷ ಭಾನುವಾರ ಮತ್ತು ಸಂಜೆಯ ಹೊತ್ತು ಮಿಲ್ಲಿನ ಲೆಕ್ಕ ಬರೆಯಲು ಮಾಲೀಕರು ಒಪ್ಪುವರೇ, ಒಪ್ಪಿದರೆ ಎಷ್ಟು ಪಗಾರಕ್ಕೆ ಎಂಬುದನ್ನು ಅಲ್ಲಿ ಮೂವರನ್ನೂ ಕೂಡಿಸಿ ಮಾತನಾಡಬೇಕಿದೆ.