ಸಂಪಾದಕರ ಉತ್ತರ: ಕೋಡಿ ಇಲ್ಲದ ಕೆರೆ

ಓದುಗರ ಪತ್ರ: "ಹೋದ ಸಂಚಿಕೆಯಲ್ಲಿ ಮರಳ ಮೇಲೆ ನಿಂತ ಹಡಗುಗಳ ಚಿತ್ರ ಹಾಕಿ, ಕೆಳಗೆ 'ಬರಕ್ಕೆ ಬತ್ತಿದ ಅರಲ್ ಸಮುದ್ರ' ಎಂದು ಬರೆದಿದ್ದೀರಿ. ಅದು ಬರವಲ್ಲ, ಕಾಲುವೆ ತೋಡಿ ಒಣಗಿಸಿದ್ದು ಅಂತಾನೆ ನನ್ನ ಮಗ. ಕಾಲುವೆಯಿಂದ ಸಮುದ್ರ ಒಣಗುತ್ತದೆಯೇ? ಕೃಷ್ಣೆಗೆ ಎಷ್ಟು ಅಣೆಕಟ್ಟು ಕಟ್ಟಿದರೂ ಬಂಗಾಳ ಕೊಲ್ಲಿ ಒಂದು ಇಂಚೂ ಇಳಿದಿಲ್ಲವಲ್ಲ! ಸಮುದ್ರ ಸೇರಿ ಹಾಳಾಗುವ ನೀರನ್ನು ಹೊಲಕ್ಕೆ ತಿರುಗಿಸಿದರೆ ತಪ್ಪೇನು? ಮತ್ತೆ, ನೀರು ಇಳಿಯುವುದು ಕಣ್ಣಿಗೆ ಕಾಣುತ್ತಿದ್ದಾಗ ಹಡಗುಗಳನ್ನು ಬೇರೆ ಕಡೆ ಸಾಗಿಸಲಿಲ್ಲ ಯಾಕೆ?"
— ಸಿಂಧನೂರು ತಾಲ್ಲೂಕಿನ, ಕಾಲುವೆಯ ಕೊನೆ ಭಾಗದ ರೈತರೊಬ್ಬರು

ನಮಸ್ಕಾರ. ನಿಮ್ಮ ಮಗ ಹೇಳಿದ್ದೇ ಸರಿ. ಆ ಅಡಿಬರಹ ಬರೆದವನು ನಾನೇ. ಪುಟ ಅಚ್ಚಿಗೆ ಹೋಗುವ ಗಡಿಬಿಡಿಯಲ್ಲಿ 'ಬರ' ಅಂತ ಗೀಚಿಬಿಟ್ಟೆ. ತಪ್ಪಾಯಿತು.

ಈಗ ನಿಮ್ಮ ಬಂಗಾಳ ಕೊಲ್ಲಿಯ ಮಾತಿಗೆ ಬರೋಣ. ಅದು ಭೂಮಿಯ ಎಲ್ಲ ಸಾಗರಗಳ ಜೊತೆ ಸೇರಿಕೊಂಡಿದೆ. ಕೃಷ್ಣೆ ಬರದಿದ್ದರೂ ಅದಕ್ಕೆ ಗೊತ್ತೇ ಆಗುವುದಿಲ್ಲ. ಅರಲ್ ಹಾಗಲ್ಲ. ಕಜಾಕಸ್ತಾನ ಮತ್ತು ಉಜ್ಬೇಕಿಸ್ತಾನದ ನಡುವೆ, ಸುತ್ತ ಮರುಭೂಮಿ ಇರುವ ಜಾಗ ಅದು. ಹೆಸರಿಗೆ ಸಮುದ್ರ, ನಿಜಕ್ಕೂ ಕೋಡಿ ಇಲ್ಲದ ದೊಡ್ಡ ಕೆರೆ. ಬರುವ ನೀರು ಎರಡೇ ನದಿಗಳದ್ದು: ಪಾಮಿರ್ ಕಡೆಯಿಂದ ಅಮು ದರಿಯಾ, ತಿಯಾನ್ ಶಾನ್ ಬೆಟ್ಟಗಳಿಂದ ಸಿರ್ ದರಿಯಾ. (ದರಿಯಾ ಎಂದರೆ ಅಲ್ಲಿ ನದಿ. ನಿಮ್ಮೂರಿನಲ್ಲಿ ಉರ್ದು ಬಲ್ಲವರಿಗೆ ಇದನ್ನು ಹೇಳಬೇಕಾಗಿಯೇ ಇಲ್ಲ.) ನೀರು ಹೊರಗೆ ಹೋಗುವ ದಾರಿ ಒಂದೇ, ಬಿಸಿಲು.

1960ರಲ್ಲಿ ಅದರ ಹರವು ಸುಮಾರು 68,000 ಚದರ ಕಿಲೋಮೀಟರ್ ಇತ್ತು. ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಅಷ್ಟಗಲದ ನೀರಿನ ಮೇಲಿಂದ ವರ್ಷಕ್ಕೆ ಹೆಚ್ಚುಕಮ್ಮಿ ಒಂದು ಮೀಟರ್ ಆವಿಯಾಗುತ್ತಿತ್ತು. ಆ ಖರ್ಚನ್ನು ತುಂಬುತ್ತಿದ್ದದ್ದು ನದಿಗಳು ತರುತ್ತಿದ್ದ ಸುಮಾರು 55 ಘನ ಕಿಲೋಮೀಟರ್ ನೀರು ಮತ್ತು ಅಷ್ಟಿಷ್ಟು ಮಳೆ. ನಮ್ಮ ಲೆಕ್ಕದಲ್ಲಿ ಹೇಳಿದರೆ ನದಿ ನೀರೇ 1,900 ಟಿಎಂಸಿಗೂ ಜಾಸ್ತಿ. ನಿಮ್ಮ ತುಂಗಭದ್ರಾ ಜಲಾಶಯ ಈಗ ತುಂಬಿದರೆ 105 ಟಿಎಂಸಿ ಆಸುಪಾಸು. ಅಂಥವು ಹದಿನೆಂಟು ತುಂಬುವಷ್ಟು ನೀರು ಪ್ರತಿ ವರ್ಷ ಬಂದರೆ ಮಾತ್ರ ಆ ಸಮುದ್ರ ಇದ್ದ ಹಾಗೇ ಇರುತ್ತಿತ್ತು. ನೀವು 'ಹಾಳಾಗುವ ನೀರು' ಅಂದದ್ದು ಅಲ್ಲಿ ಇದು.

ಸೋವಿಯತ್ ಸರ್ಕಾರಕ್ಕೆ ಹತ್ತಿ ಬೇಕಿತ್ತು. 'ಬಿಳಿ ಚಿನ್ನ' ಅಂತಲೇ ಕರೆಯುತ್ತಿದ್ದರು. ಆ ಸೀಮೆಯಲ್ಲಿ ನೀರಾವರಿ ಹೊಸದೇನಲ್ಲ, ಸಾವಿರಾರು ವರ್ಷಗಳಿಂದ ಇತ್ತು. ಆದರೆ ಹಳೆಯ ಕಾಲುವೆಗಳು ನದಿಯ ಮಗ್ಗುಲಲ್ಲೇ ಇದ್ದವು, ಹೊಲದಲ್ಲಿ ಉಳಿದ ನೀರು ಬಸಿದು ಮತ್ತೆ ನದಿಗೇ ಸೇರುತ್ತಿತ್ತು. ಹೊಸವು ಹಾಗಿರಲಿಲ್ಲ. 1954ರಲ್ಲಿ ಶುರುವಾದ ಕಾರಾಕುಮ್ ಕಾಲುವೆ ಅಮು ದರಿಯಾದ ನೀರನ್ನು ತುರ್ಕಮೆನಿಸ್ತಾನದ ಮರುಭೂಮಿಯಲ್ಲಿ 1,300 ಕಿಲೋಮೀಟರಿಗೂ ದೂರ ಒಯ್ಯಿತು. ಮರಳಿನಲ್ಲಿ ತೋಡಿದ ಕಾಲುವೆ, ತಳಕ್ಕೆ ಕಾಂಕ್ರೀಟಿಲ್ಲ. ಇಂಗಿದ್ದು ಇಂಗಿತು. ಹೊಲಗಳ ಬಸಿ ನೀರನ್ನು ಸಾರಿಕಾಮಿಶ್‌ನಂಥ ತಗ್ಗುಗಳಿಗೆ ಬಿಟ್ಟರು. ಬೇಕಾದ ಸಮುದ್ರ ಒಣಗುತ್ತಿದ್ದಾಗ ಬೇಡದ ಕೆರೆಗಳು ಹುಟ್ಟಿಕೊಂಡವು! 1980ರ ದಶಕದ ಕೆಲವು ವರ್ಷ ಸಮುದ್ರಕ್ಕೆ ನದಿ ನೀರು ಮುಟ್ಟಲೇ ಇಲ್ಲ ಎನ್ನಬಹುದು. ನೀವೇ ಕಾಲುವೆಯ ಕೊನೆ ಭಾಗದ ರೈತರು ಅಂತ ಬರೆದಿದ್ದೀರಿ. ಮೇಲಿನವರು ತೂಬು ತೆಗೆದುಕೊಂಡರೆ ಕೆಳಗೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕೇ? ಆ ಎರಡೂ ನದಿಗಳ ಕೊನೆ ಭಾಗದಲ್ಲಿ ಇದ್ದದ್ದು ಅರಲ್.

ಇದೆಲ್ಲ ಗೊತ್ತಿಲ್ಲದೆ ಆದದ್ದೂ ಅಲ್ಲ. ಸಮುದ್ರ ಕುಗ್ಗುತ್ತದೆ ಅಂತ ಯೋಜನೆ ಮಾಡಿದವರಿಗೆ ಗೊತ್ತಿತ್ತು. ಮೀನಿಗಿಂತ ಹತ್ತಿಗೆ ಬೆಲೆ ಜಾಸ್ತಿ ಅಂತ ಲೆಕ್ಕ ಹಾಕಿದ್ದರು. ಆಮೇಲೆ ಸೈಬೀರಿಯಾದ ನದಿಗಳನ್ನೇ ದಕ್ಷಿಣಕ್ಕೆ ತಿರುಗಿಸುವ ಮಾತೂ ಬಂತು. 1986ರಲ್ಲಿ ಅದನ್ನು ಕೈಬಿಟ್ಟರು.

ಆ ಲೆಕ್ಕದಲ್ಲಿ ಉಪ್ಪು ಸೇರಿರಲಿಲ್ಲ. ಕೋಡಿ ಇಲ್ಲದ ಕೆರೆಯಲ್ಲಿ ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಕೂರುತ್ತದೆ. ಮೊದಲು ಲೀಟರಿಗೆ 10 ಗ್ರಾಂ ಇದ್ದ ಉಪ್ಪು ದಕ್ಷಿಣ ಭಾಗದಲ್ಲಿ 100 ಗ್ರಾಂ ದಾಟಿತು. ಸಾಗರದಲ್ಲೇ ಇರುವುದು 35. ವರ್ಷಕ್ಕೆ 40,000 ಟನ್‌ವರೆಗೆ ಸಿಗುತ್ತಿದ್ದ ಮೀನು ಇಲ್ಲವಾಯಿತು. ಹೊಲಗಳಲ್ಲೂ ಅದೇ ಗೋಳು. ನೀರು ಜಾಸ್ತಿ ಬಿಟ್ಟು ಅಂತರ್ಜಲ ಮೇಲೆದ್ದು, ಕೆಳಗಿನ ಉಪ್ಪು ಮೇಲೆ ಬಂತು. ನಿಮ್ಮ ಕಡೆ ಸವಳು-ಜವಳು ಅಂತಾರಲ್ಲ, ಅದೇ. ಅಲ್ಲಿನ ರೈತರು ಬಿತ್ತನೆಗೆ ಮುಂಚೆ ಹೊಲಕ್ಕೆ ನೀರು ಕಟ್ಟಿ ಉಪ್ಪು ತೊಳೆಯುತ್ತಾರೆ. ಅದಕ್ಕೂ ನದಿಯ ನೀರೇ ಬೇಕು!

ಹಡಗಿನ ಪ್ರಶ್ನೆ ನನಗೆ ತುಂಬಾ ಹಿಡಿಸಿತು. ಸಾಗಿಸುವುದಾದರೂ ಎಲ್ಲಿಗೆ? ಸುತ್ತ ನೆಲ, ಬೇರೆ ಸಮುದ್ರಕ್ಕೆ ದಾರಿ ಇಲ್ಲ. ಅರಲ್‌ನ ಸರಾಸರಿ ಆಳ 16 ಮೀಟರ್ ಅಷ್ಟೇ. ತಟ್ಟೆಯ ಅಂಚಿನ ಹಾಗಿದ್ದ ದಡ. ನೀರು ಸ್ವಲ್ಪ ಇಳಿದರೂ ದಂಡೆ ಕಿಲೋಮೀಟರುಗಟ್ಟಲೆ ಹಿಂದೆ ಸರಿಯುತ್ತಿತ್ತು. ಉಜ್ಬೇಕಿಸ್ತಾನದ ಮೊಯ್ನಾಕ್ ಬಂದರಿನವರು ಸುಮ್ಮನೆ ಕೂತಿರಲಿಲ್ಲ. ಹಡಗು ಹೋಗಲಿ ಅಂತ ಕಾಲುವೆ ತೋಡುತ್ತಾ ನೀರಿನ ಹಿಂದೆ ಹೋದರು. ನೀರು ಅವರಿಗಿಂತ ಬೇಗ ಓಡಿತು. ಊರಿನ ಮೀನಿನ ಕಾರ್ಖಾನೆ ನಿಲ್ಲಬಾರದೆಂದು ದೂರದ ಬಾಲ್ಟಿಕ್ ಸಮುದ್ರದ ಮೀನು ತರಿಸಿ ಡಬ್ಬಿಗೆ ತುಂಬಿಸಿದ್ದೂ ಉಂಟು. ಈಗ ನೀರು ಅಲ್ಲಿಂದ 100 ಕಿಲೋಮೀಟರಿಗಿಂತ ಆಚೆ ಇದೆ. ಎಷ್ಟೋ ಹಡಗುಗಳನ್ನು ಕತ್ತರಿಸಿ ಗುಜರಿಗೆ ಹಾಕಿದರು. ಉಳಿದ ಹತ್ತಾರನ್ನು ಹಳೆಯ ದಡದ ಕೆಳಗೆ ಸಾಲಾಗಿ ನಿಲ್ಲಿಸಿದ್ದಾರೆ. ನೀವು ನೋಡಿದ ಚಿತ್ರ ಅದೇ.

ಕಜಾಕಸ್ತಾನದ ಕಡೆ ಕಥೆ ಬೇರೆ. 1980ರ ದಶಕದ ಕೊನೆಗೆ ಸಮುದ್ರ ಎರಡು ಹೋಳಾಯಿತು. ಉತ್ತರದ ಚಿಕ್ಕ ಹೋಳಿಗೆ ಸಿರ್ ದರಿಯಾ ಸಿಕ್ಕಿತು. ಮೊದಲು ಸ್ಥಳೀಯರು ಮರಳಿನ ಒಡ್ಡು ಹಾಕಿದರು, ಅದು 1999ರ ಬಿರುಗಾಳಿಗೆ ಕೊಚ್ಚಿಹೋಯಿತು. 2005ರಲ್ಲಿ ವಿಶ್ವಬ್ಯಾಂಕಿನ ಸಾಲದಿಂದ ಕೋಕರಾಲ್‌ನಲ್ಲಿ 13 ಕಿಲೋಮೀಟರ್ ಗಟ್ಟಿ ಒಡ್ಡು ಎದ್ದಿತು, ಗೇಟುಗಳೂ ಬಂದವು. ಕೋಡಿ ಇಲ್ಲದ ಕೆರೆಗೆ ಕೊನೆಗೂ ಒಂದು ಕೋಡಿ! ಒಂದು ವರ್ಷದೊಳಗೇ ನೀರು ಸಾಗರ ಮಟ್ಟದಿಂದ 42 ಮೀಟರ್ ಎತ್ತರಕ್ಕೆ ಏರಿತು (ಇದು ಆಳದ ಲೆಕ್ಕವಲ್ಲ). ಉಪ್ಪು ಹೊರಗೆ ಹೋಗತೊಡಗಿತು, ಮೀನು ಮರಳಿ ಬಂತು. ದಕ್ಷಿಣದ ಹೋಳಿಗೆ ಆ ಭಾಗ್ಯವಿಲ್ಲ. ಅದರ ಪೂರ್ವ ಭಾಗ 2014ರಲ್ಲಿ ಪೂರ್ತಿ ಒಣಗಿತ್ತು. ಈಗ ಗಾಳಿ ಎದ್ದರೆ ಆ ತಳದಿಂದ ಉಪ್ಪಿನ ದೂಳು ಊರುಗಳ ಮೇಲೆ ಬೀಳುತ್ತದೆ. ದೂಳು ತಡೆಯಲು ಸಕ್ಸಾವುಲ್ ಎಂಬ ಮರುಭೂಮಿ ಗಿಡ ನೆಡುತ್ತಿದ್ದಾರೆ.

ಮುಂದಿನ ಸಂಚಿಕೆಯಲ್ಲಿ ಅದೇ ಚಿತ್ರವನ್ನು ಸರಿಯಾದ ಅಡಿಬರಹದ ಜೊತೆ ಮತ್ತೆ ಹಾಕುತ್ತೇವೆ. ಮಗನಿಗೆ ತೋರಿಸಿ.

— ಸಂಪಾದಕ