ಚಳಿಗಾಲದಲ್ಲಿ ಊರಿಗೆ ಹೋದಾಗ ಅಮೆರಿಕದ ಮನೆಯ ಪೈಪ್ ಒಡೆಯದಂತೆ ಏನು ಮಾಡಬೇಕು?

ಚಿಕಾಗೋದಂಥ ಕಡೆ ಮನೆಗೆ ಬೀಗ ಹಾಕಿ ಡಿಸೆಂಬರ್‌ನಲ್ಲಿ ಊರಿಗೆ ಹೊರಟಿದ್ದರೆ, ಗ್ಯಾಸ್ ಬಿಲ್ ಉಳಿಯುತ್ತೆ ಅಂತ ಹೀಟಿಂಗ್ ಪೂರ್ತಿ ಆಫ್ ಮಾಡಬೇಡಿ. 55 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 13 ಸೆಲ್ಸಿಯಸ್‌ಗಿಂತ ಕೆಳಗೆ ಇಳಿಸಲೇಬೇಡಿ. ನೀರು ಹೆಪ್ಪುಗಟ್ಟಿದರೆ ಸುಮಾರು 9% ಹಿಗ್ಗುತ್ತದೆ, ಆ ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರಿನ ಒತ್ತಡ ಏರಿ ಪೈಪ್ ಸೀಳಿಬಿಡುತ್ತದೆ. ಅದಕ್ಕೇ ಮೇನ್ ವಾಲ್ವ್ ಬಂದ್ ಮಾಡಿ, ನಲ್ಲಿ ತಿರುಗಿಸಿ ಒಳಗಿನ ನೀರು ಖಾಲಿ ಮಾಡಿಯೇ ಹೊರಡಿ. ಮನೆ ಬಿಸಿಮಾಡುವ ಬಾಯ್ಲರ್ ಅಥವಾ ಬೆಂಕಿ ಆರಿಸುವ ಸ್ಪ್ರಿಂಕ್ಲರ್ ಇರುವ ಮನೆಯಾದರೆ ನೀರು ಬಂದ್ ಮಾಡುವ ಮೊದಲು ಪ್ಲಂಬರ್‌ನ ಕೇಳಿ. ಹಿತ್ತಲಿನ ನಲ್ಲಿಗೆ ಸಿಕ್ಕಿಸಿದ ಹೋಸ್ ಬಿಚ್ಚಿಡಿ, ಇದನ್ನು ಮರೆಯುವವರೇ ಜಾಸ್ತಿ.

ಮನೆಯಲ್ಲೇ ಇರುತ್ತೀರಾ? ಚಳಿ ಜೋರಾದ ರಾತ್ರಿ ಹೊರಗೋಡೆ ಕಡೆಯ ನಲ್ಲಿಯಲ್ಲಿ ಸಣ್ಣಗೆ ನೀರು ಬಿಡಿ, ಸಿಂಕ್ ಕೆಳಗಿನ ಬಾಗಿಲು ತೆರೆದಿಡಿ.