ಮ್ಯೊಂಗ್‌ಡೊಂಗ್‌ನ ಅಂಗಡಿ, ನಿಮ್ಮ 23ನೇ ನಂಬರ್ ಕುಷನ್

ನಿಮ್ಮ ಪ್ರಶ್ನೆ ಓದಿದೆ. ಕೆಲಸಕ್ಕೆ ಅಂತ ದಕ್ಷಿಣ ಕೊರಿಯಾದ ಸೋಲ್‌ಗೆ ಬಂದು ಇನ್ನೂ ತಿಂಗಳಾಗಿಲ್ಲ. ಮ್ಯೊಂಗ್‌ಡೊಂಗ್‌ನ ಒಂದು ಕಾಸ್ಮೆಟಿಕ್ಸ್ ಅಂಗಡಿಯಲ್ಲಿ ಕುಷನ್ ಫೌಂಡೇಶನ್, ಅಂದರೆ ಸ್ಪಂಜಿನ ಡಬ್ಬಿಯಲ್ಲಿ ಬರೋ ಮುಖದ ಮೇಕಪ್, ತಗೊಂಡಿರಿ. 23ನೇ ನಂಬರ್ ನಿಮಗೆ ಚೆನ್ನಾಗಿ ಒಪ್ಪುತ್ತೆ ಅಂತ ಅಂಗಡಿಯ ಹುಡುಗಿ ಹೇಳಿದಳು. ಮನೆಗೆ ಬಂದು ಹಚ್ಚಿಕೊಂಡರೆ ಮುಖವೆಲ್ಲ ಬೂದಿ ಬೂದಿ. ಮಾರನೇ ದಿನ ವಾಪಸ್ ಕೊಡೋಕೆ ಹೋದರೆ ಎಲ್ಲರೂ ಬಗ್ಗಿ ಬಗ್ಗಿ ಸಾರಿ ಕೇಳಿದರು, ದುಡ್ಡು ಮಾತ್ರ ಕೊಡಲಿಲ್ಲ. ಸಾಮಾನಿನ ಮೇಲಿನ ತೆರಿಗೆ ವಾಪಸ್ ಕೊಡೋ ಟ್ಯಾಕ್ಸ್ ರೀಫಂಡೂ ಇಲ್ಲ ಅಂದರು. 'ಇಲ್ಲಿ ಬದುಕೋದು ಅಂದ್ರೆ ಹೀಗೇನಾ? ನಮ್ಮ ಮೈಬಣ್ಣ ನೋಡಿ ಹೀಗೆ ಮಾಡ್ತಾರಾ?' ಅಂತ ಕೇಳಿದ್ದೀರಿ.

ಮೊದಲು ಬಣ್ಣದ ವಿಷಯ. ಇಲ್ಲಿ ಫೌಂಡೇಶನ್‌ಗೆ 13, 17, 21, 23 ಅಂತ ನಂಬರ್ ಇರುತ್ತೆ. 21 ಅಂದರೆ ತಿಳಿ ಬಣ್ಣ, 23 ಅಂದರೆ ಅವರ ಲೆಕ್ಕದಲ್ಲಿ ಸ್ವಲ್ಪ ಗಾಢ. ಎಷ್ಟೋ ಅಂಗಡಿಗಳ ಕಪಾಟು ಅಲ್ಲಿಗೇ ಮುಗಿಯುತ್ತೆ. ನಮ್ಮಂಥವರ ಮೈಬಣ್ಣಕ್ಕೆ ಅದರಾಚೆಯ ನಂಬರ್ ಬೇಕು. ಅದು ಇಲ್ಲದಿದ್ದಾಗ, ಇರೋದರಲ್ಲಿ ಗಾಢವಾದದ್ದನ್ನು ಎತ್ತಿ ಕೊಟ್ಟು 'ಒಪ್ಪುತ್ತೆ' ಅನ್ನುತ್ತಾರೆ. ಆ ಹುಡುಗಿಗೆ ನಿಮ್ಮ ಮೇಲೆ ತಾತ್ಸಾರ ಇತ್ತು ಅಂತ ನನಗೆ ಅನಿಸೋದಿಲ್ಲ. ಆದರೆ ಬಣ್ಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅಂತ ಸಮಾಧಾನ ಹೇಳೋಕೂ ಮನಸ್ಸು ಬರೋದಿಲ್ಲ. ಸಾಮಾನು ತಯಾರು ಮಾಡಿದವರ ತಲೆಯಲ್ಲೇ ನಾವು ಇರಲಿಲ್ಲ, ಅಷ್ಟೇ. ಈಗ ಸ್ವಲ್ಪ ಬದಲಾಗುತ್ತಿದೆ. ತಿರ್‌ತಿರ್ ಕಂಪನಿ 2024ರಲ್ಲಿ ತನ್ನ ಕೆಂಪು ಡಬ್ಬಿಯ ಕುಷನ್ ಅನ್ನು 30 ಶೇಡ್‌ಗಳ ತನಕ ತಂದಿತು. ಹೊರದೇಶದ ಗಿರಾಕಿಗಳು ಕೇಳಿದ್ದಕ್ಕೆ ಆದದ್ದು ಅದು. ನನ್ನ ಮಟ್ಟಿಗೆ ಹೇಳೋದಾದರೆ ಇಲ್ಲಿ ಸನ್‌ಸ್ಕ್ರೀನ್, ಸೀರಮ್, ಕ್ಲೆನ್ಸಿಂಗ್ ಆಯಿಲ್ ಕಣ್ಣು ಮುಚ್ಚಿ ತಗೊಳ್ತೀನಿ. ಫೌಂಡೇಶನ್ ಮಾತ್ರ ಕೈ ಮೇಲೆ ಹಚ್ಚಿಕೊಂಡು, ಬಾಗಿಲ ಹೊರಗೆ ಬಿಸಿಲಿಗೆ ಬಂದು ನೋಡದೆ ತಗೊಳ್ಳೋದಿಲ್ಲ. ಆ ಅಂಗಡಿಗಳ ಬಿಳಿ ಲೈಟ್ ಕೆಳಗೆ ಎಲ್ಲವೂ ಒಪ್ಪುತ್ತೆ.

ಟ್ಯಾಕ್ಸ್ ರೀಫಂಡ್ ಬಗ್ಗೆ ಅವರು ಹೇಳಿದ್ದು ಸರಿ. ಅದು ಪ್ರವಾಸಿಗಳಿಗೆ. ಆರು ತಿಂಗಳಿಗಿಂತ ಜಾಸ್ತಿ ಇಲ್ಲಿದ್ದವರಿಗೆ ಸಿಗೋದಿಲ್ಲ, ಇಲ್ಲಿ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನದಿಂದಲೇ ಸಿಗೋದಿಲ್ಲ. ಗೋಡೆ ತುಂಬ ದೊಡ್ಡ ಬೋರ್ಡ್ ನೇತು ಹಾಕಿರುತ್ತಾರೆ, ಅದನ್ನು ನೋಡಿ ಆಸೆಪಡಬೇಡಿ.

ಇನ್ನು ಅವರು ಬಗ್ಗಿ ಬಗ್ಗಿ 'ಸಾರಿ' ಕೇಳೋ ಕಥೆ. ಹೊಸಬರೆಲ್ಲ ಇಲ್ಲೇ ಎಡವುತ್ತಾರೆ, ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಸೋಲ್ ಹತ್ತಿರದ, ನಾನಿರೋ ಸುವೊನ್ ಊರಲ್ಲೇ ಒಮ್ಮೆ ಶೀಟ್ ಮಾಸ್ಕ್ ಪ್ಯಾಕ್‌ಗಳನ್ನು ತಗೊಂಡೆ. ಕಪಾಟಿನ ಚೀಟಿಯಲ್ಲಿ 1+1 ಅಂತ ಇತ್ತು, ಅಂದರೆ ಒಂದು ತಗೊಂಡರೆ ಇನ್ನೊಂದು ಫ್ರೀ. ಗೆಳತಿಗೆ ತೋರಿಸೋಣ ಅಂತ ಅದರ ಫೋಟೋ ಕೂಡ ಹೊಡೆದಿದ್ದೆ. ಮನೆಗೆ ಬಂದು ರಸೀದಿ ನೋಡಿದರೆ ಎರಡಕ್ಕೂ ಪೂರ್ತಿ ದುಡ್ಡು ಹಾಕಿದ್ದಾರೆ. ಮತ್ತೆ ಹೋದೆ. ಕೌಂಟರ್‌ನಲ್ಲಿದ್ದವಳು ರಸೀದಿಯನ್ನು ಎರಡೂ ಕೈಯಲ್ಲಿ ತಗೊಂಡಳು, ಸ್ಕ್ಯಾನ್ ಮಾಡಿದಳು, ಆಫರ್ ನಿನ್ನೆಗೇ ಮುಗಿದಿದೆ ಅಂದಳು. ಚೀಟಿ ಇನ್ನೂ ಅಲ್ಲೇ ಇದೆಯಲ್ಲ ಅಂದೆ. ಹೌದು, ಕ್ಷಮಿಸಿ ಅಂದಳು. ಹೋಗಿ ಆ ಚೀಟಿಯನ್ನು ನನ್ನ ಕಣ್ಣೆದುರೇ ಕಿತ್ತು ಜೇಬಿಗೆ ಹಾಕಿಕೊಂಡು ಬಂದಳು. ಆಮೇಲೆ ಕೈ ಕಟ್ಟಿ ನಿಂತು ಮತ್ತೆ ಅದೇ ಮಾತು, ಅದೇ ದನಿ: ಕ್ಷಮಿಸಿ, ಸಿಸ್ಟಮ್‌ನಲ್ಲಿ ಆಗೋದಿಲ್ಲ. ಮ್ಯಾನೇಜರ್ ಬಂದ. ಅವನದೂ ಅದೇ ಮಾತು, ಇನ್ನೂ ಸ್ವಲ್ಪ ಜಾಸ್ತಿ ಬಗ್ಗಿ. ನನಗೆ ರೇಗಿಹೋಗಿತ್ತು. ಒಂದೇ ಒಂದು ಒರಟು ಮಾತು ಆಡಿದ್ದರೆ ಜಗಳವಾದರೂ ಆಡಬಹುದಿತ್ತು!

ನಮ್ಮ ಕಡೆ 'ಓನರ್‌ನ ಕರೀರಿ' ಅಂದರೆ ಅರ್ಧ ಕೆಲಸ ಆದ ಹಾಗೆ. ಇಲ್ಲಿ ಚೈನ್ ಅಂಗಡಿಯ ಕೌಂಟರ್‌ನಲ್ಲಿರುವವರಿಗೆ ರಿಯಾಯಿತಿ ಕೊಡೋ ಅಧಿಕಾರವೇ ಇರೋದಿಲ್ಲ. ಅವರ ವಿನಯ ನಿಜವಾದದ್ದೇ, ಆದರೆ ಅದರಿಂದ ನಿಮ್ಮ ಕೆಲಸ ಆಗುತ್ತೆ ಅಂತೇನೂ ಇಲ್ಲ. ದನಿ ಏರಿಸಿದರೆ ಕೆಲಸ ಇನ್ನೂ ಕೆಡುತ್ತೆ. ಗಿರಾಕಿಗಳ ಬೈಗುಳದಿಂದ ನೌಕರರನ್ನು ಕಾಪಾಡುವ ಕಾನೂನು 2018ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ, ಮಾತಾಡೋಕೆ ಮುಂಚೆಯೇ ಬೈಯಬೇಡಿ ಅನ್ನೋ ಎಚ್ಚರಿಕೆ ಕೇಳಿಸುತ್ತೆ. ಒಳ್ಳೆಯ ಕಾನೂನು ಅಂತಲೇ ನನ್ನ ಅಭಿಪ್ರಾಯ. ದಿನವಿಡೀ ನಿಂತೇ ಇರೋ ಆ ಹುಡುಗಿಯರನ್ನು ಗಿರಾಕಿಗಳು ಹೇಗೆ ನಡೆಸಿಕೊಳ್ಳುತ್ತಿದ್ದರು ಅಂತ ನಾನೂ ನೋಡಿದ್ದೇನೆ.

ನನ್ನ ದುಡ್ಡು ಕೊನೆಗೆ ಬಂದದ್ದು ಇಲ್ಲಿಯವರ ಮೆಸೇಜಿಂಗ್ ಆಪ್ ಕಕಾವ್‌ಟಾಕ್‌ನಿಂದ. ಕಂಪನಿಯ ಚಾನೆಲ್‌ಗೆ ಚೀಟಿಯ ಫೋಟೋ, ರಸೀದಿಯ ಫೋಟೋ ಹಾಕಿ, ಪಾಪಾಗೋ ಅನ್ನೋ ಆಪ್‌ನಲ್ಲಿ ಅನುವಾದ ಮಾಡಿದ ನಾಲ್ಕು ಸಾಲು ಬರೆದೆ. ಬೈಗುಳ ಇಲ್ಲ, ಕಥೆ ಇಲ್ಲ. ತಾರೀಖು, ಅಂಗಡಿ, ಆದದ್ದು, ಬೇಕಾದದ್ದು. ಮುಖ್ಯ ಕಚೇರಿಯಿಂದ ಆ ಅಂಗಡಿಗೇ ಫೋನ್ ಹೋಯಿತು. ಅದೇ ಹುಡುಗಿ ಅದೇ ಕಾರ್ಡ್ ತಗೊಂಡು, ಹಳೇ ಬಿಲ್ ರದ್ದು ಮಾಡಿ ಹೊಸದು ಹಾಕಿದಳು. ಸಿಸ್ಟಮ್‌ನಲ್ಲಿ ಆಯಿತು ನೋಡಿ.

ಆದರೆ ನಿಮ್ಮ ಕುಷನ್ ವಿಷಯದಲ್ಲಿ ಬರವಣಿಗೆಯಿಂದಲೂ ಏನಾದರೂ ಆಗುತ್ತೆ ಅಂತ ನನಗೆ ಅನಿಸೋದಿಲ್ಲ. ಅಂಗಡಿಗೆ ಹೋಗಿ ತಗೊಂಡ ಸಾಮಾನನ್ನು ಮನಸ್ಸು ಬದಲಾಯಿತು ಅಂತ ವಾಪಸ್ ತಗೊಳ್ಳಲೇಬೇಕು ಅನ್ನೋ ಕಾನೂನು ಇಲ್ಲಿಲ್ಲ. ಅದು ಆ ಅಂಗಡಿಯ ನಿಯಮಕ್ಕೆ ಬಿಟ್ಟದ್ದು. ಸೀಲ್ ಒಡೆದ ಕಾಸ್ಮೆಟಿಕ್ಸ್ ಅನ್ನು ಸಾಮಾನ್ಯವಾಗಿ ಯಾರೂ ಮುಟ್ಟೋದಿಲ್ಲ. ಸೀಲ್ ಇದ್ದರೆ ರಸೀದಿ, ದುಡ್ಡು ಕೊಟ್ಟ ಅದೇ ಕಾರ್ಡ್ ಹಿಡಿದುಕೊಂಡು, ತಗೊಂಡ ಅಂಗಡಿಗೇ ಹೋಗಿ. 1+1ರಲ್ಲಿ ಬಂದದ್ದಾದರೆ ಎರಡನ್ನೂ ವಾಪಸ್ ಕೇಳುತ್ತಾರೆ. ಆನ್‌ಲೈನ್‌ನಲ್ಲಿ ತಗೊಂಡರೆ ನಿಮ್ಮ ಕೈ ಸ್ವಲ್ಪ ಮೇಲೆ. ಸಾಮಾನು ಕೈಗೆ ಬಂದ 7 ದಿನದೊಳಗೆ ಬೇಡ ಅನ್ನೋ ಹಕ್ಕು ಕಾನೂನಿನಲ್ಲೇ ಇದೆ, ಬಳಸಿರಬಾರದು ಅಷ್ಟೇ. ಜಾಹೀರಾತಲ್ಲಿ ಹೇಳಿದ್ದೇ ಬೇರೆ, ಬಂದದ್ದೇ ಬೇರೆ ಅಂದರೆ 3 ತಿಂಗಳ ತನಕ ಅವಕಾಶ ಇದೆ, ಗೊತ್ತಾದ ಮೇಲೆ 30 ದಿನದೊಳಗೆ ಹೇಳಬೇಕು.

ಅಂಗಡಿಯೂ ಕೇಳಲಿಲ್ಲ, ಕಂಪನಿಯೂ ಕೇಳಲಿಲ್ಲ ಅಂದರೆ ಗ್ರಾಹಕರ ದೂರಿಗೆ 1372 ಅಂತ ನಂಬರ್ ಇದೆ. ಕೊರಿಯನ್ ಬರುವ ಸಹೋದ್ಯೋಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಫೋನ್ ಮಾಡಿ. ವೀಸಾ, ವಿದೇಶಿಯರ ಗುರುತಿನ ಕಾರ್ಡ್ ಥರದ ವಿಷಯಗಳಿಗೆ 1345, ಅಲ್ಲಿ ಇಂಗ್ಲಿಷ್ ನಡೆಯುತ್ತೆ. ಅಂಗಡಿಯ ಮೆಂಬರ್‌ಶಿಪ್ ಮಾಡಿಸುವಾಗ ನಿಮ್ಮ ಹೆಸರು ಫೋನ್ ಸಿಮ್‌ನ ದಾಖಲೆಯಲ್ಲಿ ಇರೋ ಹಾಗೇ, ಅದೇ ಕ್ರಮದಲ್ಲಿ ಹಾಕಿ. ನಮ್ಮ ಉದ್ದುದ್ದ ಹೆಸರು, ಇನಿಶಿಯಲ್ ಎಲ್ಲ ಇಲ್ಲಿ ದೊಡ್ಡ ತಲೆನೋವು. ಒಂದು ಸ್ಪೇಸ್ ಹೆಚ್ಚುಕಮ್ಮಿ ಆದರೂ ಫೋನ್ ವೆರಿಫಿಕೇಶನ್ ಆಗೋದಿಲ್ಲ. ಇದು ಬ್ಯಾಂಕಿಗೂ ಅನ್ವಯ.

ಆ ಕುಷನ್ ಹಚ್ಚಿದ ಮೇಲೆ ತುರಿಕೆ, ಗುಳ್ಳೆ ಏನಾದರೂ ಆಯಿತಾ? ನೀವು ಬರೆದಿಲ್ಲ. ಆಗಿದ್ದರೆ ಮಾತು ಬೇರೆ. ಬಳಸೋದು ನಿಲ್ಲಿಸಿ, ಡಬ್ಬಿ ಬಿಸಾಡದೆ ಇಟ್ಟುಕೊಂಡು, ಚರ್ಮದ ಡಾಕ್ಟರ್ ಹತ್ತಿರ ಹೋಗಿ, ಇದರಿಂದಲೇ ಆಯಿತು ಅಂತ ಬರೆಸಿಕೊಳ್ಳಿ. ಆ ಕಾಗದ ಇದ್ದರೆ ಚಿಕಿತ್ಸೆಯ ಖರ್ಚು ಕೇಳೋಕೂ ದಾರಿ ಇದೆ. ಬರೀ ಶೇಡ್ ತಪ್ಪಿದ್ದು ಅಷ್ಟೇ ಆದರೆ ಆ ದುಡ್ಡು ಹೋಯಿತು ಅಂದುಕೊಳ್ಳಿ, ಮತ್ತೆ ಆ ಕೌಂಟರ್‌ಗೆ ಹೋಗಿ ಸುಮ್ನೆ ಇನ್ನೊಂದು ಸಂಜೆ ಹಾಳು ಮಾಡಿಕೊಳ್ಳಬೇಡಿ.